ಮ್ಯಾಲಕಿಯ ದನಿಗೆ ಎಷ್ಟು ಲೈನು ಬೇಕು

೧

ಈ ಕಥೆಯನ್ನು ಪೆಟ್ಟಿಗೆಯಿಂದ ಶುರುಮಾಡಲೋ, ಬಾಯಿಂದ ಶುರುಮಾಡಲೋ? ನೀವಾದರೂ ಹೇಳಿ.

ಪೆಟ್ಟಿಗೆಯಿಂದ ಶುರುಮಾಡಿದರೆ ಹೀಗಾಗುತ್ತದೆ: ‘ಲೆಟರ್‌ಕೆನ್ನಿ ಎಂಬ ಐರ್ಲೆಂಡಿನ ಊರಿನ ಅಂಚಿನಲ್ಲಿ, ಟೈರ್ ಅಂಗಡಿಯ ಪಕ್ಕದ ತಗಡಿನ ಕಟ್ಟಡದೊಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಹಸಿರು ದೀಪ ಮಿಟುಕಿಸುತ್ತ ಒಂದು ಗೇಟ್‌ವೇ ಕುಳಿತಿತ್ತು.’ ಗೇಟ್‌ವೇ ಅಂದರೆ ಏನು ಎಂದು ನೀವು ಕೇಳುತ್ತೀರಿ. ನಾನು ವಿವರಿಸುತ್ತೇನೆ. ನೀವು ಪುಟ ತಿರುಗಿಸುತ್ತೀರಿ. ಅಲ್ಲಿಗೆ ನಮ್ಮಿಬ್ಬರ ಸಂಬಂಧ ಮುಗಿಯಿತು.

ಬಾಯಿಂದ ಶುರುಮಾಡಿದರೆ: ‘ಅಟ್ರಾಕ್ಟಾ ಬಾನರ್ ಒಮ್ಮೆ ಫೋನ್ ಎತ್ತಿದರೆ ಆ ಕಡೆಯವರ ಮೂರು ತಲೆಮಾರು ವಿಚಾರಿಸದೆ ಇಡುತ್ತಿರಲಿಲ್ಲ.’ ಇದು ಪರವಾಗಿಲ್ಲ. ಇದರಲ್ಲಿ ಒಂದು ಮನುಷ್ಯಜೀವವಿದೆ.

“ಯಾಕೆ, ನನ್ನಿಂದ ಶುರು ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದಳು ಫಿಡೆಲ್ಮಾ.

(ಫಿಡೆಲ್ಮಾ ಮೆಕ್‌ಗೆಟಿಗನ್ ಈ ಕಥೆಯ ನಾಯಕಿ. ಕಾಲ್ ಸೆಂಟರಿಗೆ ಎಷ್ಟು ಲೈನು ಬೇಕು, ಎಷ್ಟು ಪೆಟ್ಟಿಗೆ ಬೇಕು ಎಂದು ಲೆಕ್ಕ ಹಾಕುವುದು ಅವಳ ಕೆಲಸ. ವಯಸ್ಸು ಬರೆಯಬೇಡ ಎಂದಿದ್ದಾಳೆ. ನಾನು ಬರೆಯುವಾಗ ಹೆಗಲ ಮೇಲಿಂದ ಬಗ್ಗಿ ಓದುವ ಚಾಳಿಯಿದೆ. ಲೆಟರ್‌ಕೆನ್ನಿ ಇರುವ ಡಾನೆಗಾಲ್ ಜಿಲ್ಲೆಯ ಹೆಂಗಸಿಗೆ ಕನ್ನಡ ಓದಲು ಹೇಗೆ ಬಂತು ಎಂದು ಕೇಳಬೇಡಿ. ನನ್ನ ಕಥೆಯೊಳಗೆ ಬಂದವರಿಗೆಲ್ಲ ಬರುತ್ತದೆ.)

“ಸರಿ ಮಾರಾಯ್ತಿ, ನಿನ್ನಿಂದಲೇ.”

೨

ಸೋಮವಾರ ಬಂತೆಂದರೆ ಫಿಡೆಲ್ಮಾ ತಿಂಡಿ ಮುಟ್ಟುತ್ತಿರಲಿಲ್ಲ.

ಕಾರಣವಿಷ್ಟೇ. ಐರ್ಲೆಂಡಿನ ಜನ ಶನಿವಾರ, ಭಾನುವಾರ ಬಟ್ಟೆ ಒಗೆಯುತ್ತಾರೆ. ವಾಷಿಂಗ್ ಮೆಷಿನ್ನುಗಳು ಕೆಡುವುದೂ ಆಗಲೇ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಒದ್ದೆ ಟವೆಲ್ಲು, ಒದ್ದೆ ಯೂನಿಫಾರ್ಮುಗಳ ನಡುವೆ ನಿಂತು ಇಡೀ ದೇಶ ಒಟ್ಟಿಗೆ ಫೋನ್ ಮಾಡುತ್ತದೆ. ಆ ಫೋನುಗಳೆಲ್ಲ ಬರುವುದು ಸ್ವಿಲ್ಲಿ ಕೇರ್ ಎಂಬ ಈ ಕಾಲ್ ಸೆಂಟರಿಗೆ. ಹೊರಗಿನ ಟೆಲಿಫೋನ್ ತಂತಿಗೂ ಒಳಗಿನ ಕಂಪ್ಯೂಟರುಗಳಿಗೂ ನಡುವೆ ಬಾಗಿಲು ಕಾಯುವುದು ಆ ಹಸಿರು ದೀಪದ ಪೆಟ್ಟಿಗೆ. (ನೋಡಿ, ಗೇಟ್‌ವೇ ಏನೆಂದು ಹೇಳಿಯೇ ಬಿಟ್ಟೆ. ನೋವಾಗಲಿಲ್ಲ ತಾನೇ?) ಒಂದು ಹೊತ್ತಿಗೆ ಅರವತ್ತು ಕರೆಗಳನ್ನು ಒಳಗೆ ಬಿಡುತ್ತದೆ. ಅರವತ್ತೊಂದನೆಯವರ ಕಿವಿಗೆ ಎಂಗೇಜ್ ಟೋನ್.

ಮೆಷಿನ್ ತಯಾರಿಸುವ ಕಂಪನಿಯ ಡಬ್ಲಿನ್ ಸಾಹೇಬರು ಒಂದು ಸೋಮವಾರ ತಾವೇ ಫೋನ್ ಮಾಡಿ ನೋಡಿದರು. ಎಂಗೇಜ್. ಮತ್ತೆ ಮಾಡಿದರು. ಎಂಗೇಜ್. ಹೀಗೇ ಆದರೆ ಈ ಕೆಲಸವನ್ನು ಬೆಂಗಳೂರಿಗೆ ಕೊಡುತ್ತೇವೆ ಎಂದು ಹೇಳಿ ಕಳಿಸಿದರು. (ಚಪ್ಪಾಳೆ ಬೇಡ. ಈ ಕಥೆ ಮುಗಿಯುವ ತನಕ ನಾವೆಲ್ಲ ಡಾನೆಗಾಲಿನವರು.)

ಮ್ಯಾನೇಜರ್ ಮ್ಯಾಲಕಿ ಡೆವೆನಿ ಫಿಡೆಲ್ಮಾಳನ್ನು ತನ್ನ ಗಾಜಿನ ಕೋಣೆಗೆ ಕರೆದ. ಮ್ಯಾಲಕಿಯ ದನಿಯ ಬಗ್ಗೆ ಎರಡು ಮಾತು ಹೇಳಬೇಕು. ಈ ಕೆಲಸಕ್ಕೆ ಬರುವ ಮುಂಚೆ ಅವನು ಊರಿನ ರೇಡಿಯೋದಲ್ಲಿ ದಿನವೂ ತೀರಿಕೊಂಡವರ ಹೆಸರು ಓದುತ್ತಿದ್ದ. ಯಾರು ಹೋದರು, ದೇಹ ಎಲ್ಲಿಂದ ಹೊರಡುತ್ತದೆ, ಚರ್ಚಿನ ಪ್ರಾರ್ಥನೆ ಯಾವಾಗ, ಹೂವಿನ ಬದಲು ಯಾವ ಆಸ್ಪತ್ರೆಗೆ ದಾನ ಕೊಡಬೇಕು. ಅವನು ಓದಿದರೆ, ಬದುಕಿದ್ದಾಗ ಯಾರಿಗೂ ಬೇಡವಾಗಿದ್ದವರ ಸಾವೂ ದೊಡ್ಡ ನಷ್ಟವೆನ್ನಿಸುತ್ತಿತ್ತು. ಈಗಲೂ ಅವನು “ಪ್ರಿಂಟರಿನಲ್ಲಿ ಕಾಗದ ಮುಗಿದಿದೆ” ಎಂದರೆ ಎದ್ದು ನಿಲ್ಲಬೇಕು ಅನ್ನಿಸುತ್ತದೆ.

“ಎರಡನೇ ಪೆಟ್ಟಿಗೆ ಈ ವರ್ಷ ಇಲ್ಲ, ಫಿಡೆಲ್ಮಾ,” ಎಂದ ಮ್ಯಾಲಕಿ. “ಟೆಲಿಫೋನ್‌ನೋರು ಹೊಸ ತಂತಿ ಎಳೆಯೋ ಹೊತ್ತಿಗೆ ನಾವೇ ಇರ್ತೀವೋ ಇಲ್ವೋ. ಇರೋದರಲ್ಲೇ ಹೊಂದಿಸು.”

“ಅರವತ್ತು ಲೈನಿಗೆ ಹಿಡಿಸ್ತಾ ಇಲ್ಲ, ಮ್ಯಾಲಕಿ.”

“ಯಾಕೆ ಹಿಡಿಸ್ತಾ ಇಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಉಳಿದೋರು ಮೂರು ನಿಮಿಷಕ್ಕೆ ಫೋನ್ ಇಡ್ತಾರೆ. ಅಟ್ರಾಕ್ಟಾ ಹನ್ನೊಂದು. ನಿನ್ನ ಪ್ಲಾನಿನಲ್ಲಿ ಅದನ್ನ ಬರೆದುಬಿಡು. ಅವಳ ಪ್ರೊಬೇಷನ್ ಈ ತಿಂಗಳು ಮುಗಿಯುತ್ತೆ. ನಿನ್ನ ಮಾತಿದ್ರೆ ನಂಗೆ ಸುಲಭ.”

ಫಿಡೆಲ್ಮಾ ಗಾಜಿನಾಚೆ ನೋಡಿದಳು. ಅಟ್ರಾಕ್ಟಾ ಹೆಡ್‌ಸೆಟ್ ಹಾಕಿಕೊಂಡು ಯಾರಿಗೋ ಕೈ ಆಡಿಸಿ ಏನನ್ನೋ ತಿರುಗಿಸುವುದು ಹೇಗೆಂದು ತೋರಿಸುತ್ತಿದ್ದಳು. ಫೋನಿನ ಆಚೆಯವರಿಗೆ ಕೈ ಕಾಣುವುದಿಲ್ಲ ಎಂಬುದು ಅವಳಿಗೆ ಎಂದೂ ಅಡ್ಡಿಯಾಗಿರಲಿಲ್ಲ. ಅಂಗಿ ಹೊಲಿಯುವ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದವಳು. ಈ ವಯಸ್ಸಿಗೆ ಲೆಟರ್‌ಕೆನ್ನಿಯಲ್ಲಿ ಇನ್ನೊಂದು ಕೆಲಸ ಸಿಗುವುದಿಲ್ಲವೆಂದು ಗಾಜಿನ ಕೋಣೆಯಲ್ಲಿದ್ದ ಇಬ್ಬರಿಗೂ ತಿಳಿದಿತ್ತು.

“ನೋಡ್ತೀನಿ,” ಎಂದಳು ಫಿಡೆಲ್ಮಾ. ಹಾಗೆಂದರೆ ಒಪ್ಪಿಗೆಯೋ ಅಲ್ಲವೋ ಅವಳಿಗೇ ಗೊತ್ತಿರಲಿಲ್ಲ.

೨ (ಹರಿದು ಹಾಕಿದ್ದು)

ಇಲ್ಲಿ ನಾನೊಂದು ಕರುಣಾಜನಕ ಪುಟ ಬರೆದಿದ್ದೆ. ಫಿಡೆಲ್ಮಾ ಪ್ಲಾನ್ ಬರೆದುಕೊಡುತ್ತಾಳೆ. ಅಟ್ರಾಕ್ಟಾ ತನ್ನ ಸ್ವೆಟರು, ಹೂಕುಂಡ ಎತ್ತಿಕೊಂಡು ಕಣ್ಣೊರೆಸುತ್ತ ಬಸ್ ಸ್ಟಾಪಿಗೆ ನಡೆಯುತ್ತಾಳೆ. ಮಳೆ ಬರುತ್ತದೆ. ಚೆನ್ನಾಗಿಯೇ ಬಂದಿತ್ತು.

“ಕಂದಾ, ನಾನು ಬಸ್ಸಿನಲ್ಲಿ ಓಡಾಡಲ್ಲ. ನನ್ನ ಹತ್ರ ಕಾರಿದೆ,” ಎಂದಳು ಅಟ್ರಾಕ್ಟಾ. ಅವಳು ಎಲ್ಲರನ್ನೂ ಕಂದಾ ಎನ್ನುತ್ತಾಳೆ, ಕಥೆ ಬರೆಯುವವರನ್ನೂ. “ಹೂಕುಂಡ ಯಾವ್ದು? ಅದು ಪಕ್ಕದೋಳದು. ಕದ್ಕೊಂಡು ಹೋದೆ ಅಂತ ಬರೀತೀಯಾ?”

“ಅಳೋದಾದ್ರೂ ಇರಲಿ,” ಎಂದೆ.

“ಹದಿನೆಂಟು ವರ್ಷ ದುಡಿದ ಕಾರ್ಖಾನೆ ಮುಚ್ಚಿದಾಗ ಅಳಲಿಲ್ಲ. ಇವನಿಗೋಸ್ಕರ ಅಳ್ತೀನಾ? ಮ್ಯಾಲಕಿ ಸ್ಕೂಲಿನಲ್ಲಿ ನನ್ನ ಹಿಂದಿನ ಬೆಂಚು. ನನ್ನ ಪೆನ್ಸಿಲ್ ಕಚ್ಚಿ ಕಚ್ಚಿ ವಾಪಸ್ ಕೊಡ್ತಿದ್ದ.”

ಪುಟ ಹರಿದೆ.

೩

ಫಿಡೆಲ್ಮಾ ಪ್ಲಾನ್ ಬರೆಯುವ ಮುಂಚೆ ಕಿವಿಯಾರೆ ಕೇಳೋಣವೆಂದು ಕುರ್ಚಿ ಎಳೆದುಕೊಂಡು ಅಟ್ರಾಕ್ಟಾಳ ಪಕ್ಕ ಕುಳಿತಳು. ಇನ್ನೊಂದು ಹೆಡ್‌ಸೆಟ್ ಹಾಕಿಕೊಂಡಳು. ಆಗ ಬಂದದ್ದು ಮೇಯೋ ಜಿಲ್ಲೆಯ ಒಬ್ಬ ಮುದುಕನ ಕರೆ.

“ಮೆಷಿನ್ನು ಸತ್ತೋಗಿದೆ,” ಎಂದ ಮುದುಕ.

“ಅಯ್ಯೋ ಕಂದಾ. ಏನಾದ್ರೂ ಸದ್ದು ಮಾಡುತ್ತಾ?”

“ಗುರ್ರ್ ಅನ್ನುತ್ತೆ. ನೀರು ಬರಲ್ಲ.”

“ದಿನಾ ಒಗೆಯೋರು ಯಾರು? ನೀವಾ?”

“ನಮ್ಮವಳು. ಸೊಂಟದ ಆಪರೇಷನ್ ಆಗಿ ಕ್ಯಾಸಲ್‌ಬಾರ್ ಆಸ್ಪತ್ರೆಯಲ್ಲಿದಾಳೆ.”

ಇಲ್ಲಿ ಬೇರೆ ಯಾರಾದರೂ ರಿಪೇರಿಯವನನ್ನು ಕಳಿಸುತ್ತೇವೆ ಎಂದು ಹೇಳಿ ಇಟ್ಟುಬಿಡುತ್ತಿದ್ದರು. ಅಟ್ರಾಕ್ಟಾ ಸೊಂಟದ ಬಗ್ಗೆ ಕೇಳಿದಳು. ಡಾಕ್ಟರು ಯಾರು ಎಂದು ಕೇಳಿದಳು. ಆಕೆ ಊಟ ಮಾಡುತ್ತಿದ್ದಾಳಾ, ಇವನು ಏನು ಬೇಯಿಸಿಕೊಳ್ಳುತ್ತಿದ್ದಾನೆ ಎಂದು ಕೇಳಿದಳು. (ಆಲೂಗೆಡ್ಡೆ. ಮೂರು ಹೊತ್ತೂ.) ಆಸ್ಪತ್ರೆಗೆ ಹೊರಟ ದಿನ ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಗ್ಯಾಸು, ನೀರು ಎಲ್ಲ ಬಂದ್ ಮಾಡಿದ್ದಿರಾ ಎಂದು ಕೇಳಿದಳು.

“ಮಾಡಿದ್ದೆ. ಸಿಂಕಿನ ಕೆಳಗೆ ಒಂದು ನಲ್ಲಿ ಇತ್ತು, ಅದನ್ನೂ...” ಮುದುಕ ನಿಲ್ಲಿಸಿದ. ಮೊಣಕಾಲು ಊರುವ ಸದ್ದು, ನರಳುವ ಸದ್ದು, ಆಮೇಲೆ ಮೆಷಿನ್ನಿಗೆ ನೀರು ನುಗ್ಗುವ ಸದ್ದು. “ನಮ್ಮವಳಿಗೆ ಹೇಳಬೇಡಿ.”

“ನಾನ್ಯಾಕೆ ಹೇಳಲಿ? ಮೇಯೋ ಜರ್ಸಿ ಇದೆಯಾ ಬುಟ್ಟೀಲಿ? ಅದನ್ನ ಬೇರೆ ಒಗೀರಿ. ಬಣ್ಣ ಬಿಡುತ್ತೆ. ಸೆಪ್ಟೆಂಬರ್ ಫುಟ್‌ಬಾಲ್ ಫೈನಲ್ ಬಂದ್ರೆ ನಿಮ್ಮ ಟೀಮ್ ಕಪ್ ಬಿಟ್ಟುಕೊಡೋಲ್ವಾ, ಹಾಗೆ.”

ಮುದುಕ ಕೆಮ್ಮು ಬರುವ ತನಕ ನಕ್ಕ. ಬಹಳ ದಿನಗಳ ಮೇಲೆ ನಕ್ಕವನ ನಗೆ ಅದು ಎಂದು ಫಿಡೆಲ್ಮಾಗೆ ಅನ್ನಿಸಿತು.

“ಹನ್ನೊಂದು ನಿಮಿಷ,” ಎಂದಳು, ಹೆಡ್‌ಸೆಟ್ ತೆಗೆಯುತ್ತ.

“ರಿಪೇರಿಯೋನು ಅಲ್ಲಿಗೆ ಹೋಗಿ ಬಂದಿದ್ರೆ ಅರ್ಧ ದಿನ, ಕಂದಾ. ಬೈಸಿಕೊಂಡು ಬರಬೇಕಿತ್ತು ಬೇರೆ.” ಅಟ್ರಾಕ್ಟಾ ಫಿಡೆಲ್ಮಾಳ ಮುಖ ನೋಡಿದಳು. “ನನ್ನ ಬಗ್ಗೆ ಬರೀಬೇಕು ಅಂತ ಹೇಳಿದಾನಲ್ಲ? ಗಾಜಿನ ಕೋಣೆ ಕಣೇ ಅದು. ತುಟಿ ಅಲ್ಲಾಡೋದು ಕಾಣುತ್ತೆ. ಇರೋದನ್ನ ಇದ್ದ ಹಾಗೆ ಬರಿ. ಸೇರಿಸಬೇಡ, ಅಷ್ಟೇ.”

ಫಿಡೆಲ್ಮಾಗೆ ನಾಚಿಕೆಯಾಯಿತು. ಅವಳು ಇನ್ನೂ ಏನನ್ನೂ ಬರೆದಿರಲಿಲ್ಲ, ಆದರೂ ಆಯಿತು.

೪

(ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ. ಗಾಬರಿ ಬೇಡ. ಸಂತೆಯಲ್ಲಿ ತರಕಾರಿ ಕೊಳ್ಳುವಷ್ಟು ಗೊತ್ತಿದ್ದರೆ ಸಾಕು.)

ಲೈನು ಎಷ್ಟು ಬೇಕೆಂದು ತಿಳಿಯಲು ಎರಡೇ ಸಂಗತಿ ಬೇಕು: ಎಷ್ಟು ಕರೆ ಬರುತ್ತದೆ, ಒಂದೊಂದು ಎಷ್ಟು ಹೊತ್ತು ಲೈನು ಹಿಡಿದುಕೊಂಡಿರುತ್ತದೆ. ಫಿಡೆಲ್ಮಾ ಕಂಪ್ಯೂಟರಿನಲ್ಲಿ ಅಟ್ರಾಕ್ಟಾಳನ್ನು ಅಳಿಸಿ ಲೆಕ್ಕ ಮಾಡಿದಳು. ಒಂದು ಲೈನು ಉಳಿತಾಯವಾಯಿತು.

ಒಂದೇ.

ಮತ್ತೆ ಮಾಡಿದಳು. ಮತ್ತೂ ಒಂದೇ. ಆಮೇಲೆ ತನ್ನ ಹಣೆಯನ್ನು ತಾನೇ ಬಡಿದುಕೊಂಡಳು. ಅಟ್ರಾಕ್ಟಾ ಹನ್ನೊಂದು ನಿಮಿಷ ಮಾತಾಡಲಿ, ಕತ್ತಲಾಗುವ ತನಕ ಮಾತಾಡಲಿ, ಅವಳಿಗಿರುವುದು ಒಂದು ಬಾಯಿ. ಒಂದು ಬಾಯಿ ಒಂದು ಹೊತ್ತಿಗೆ ಒಂದೇ ಲೈನು ಹಿಡಿಯಬಲ್ಲದು. ಆಫೀಸಿನಲ್ಲಿ ಫೋನೆತ್ತುವವರು ನಲವತ್ತು ಜನ. ನಲವತ್ತು ಬಾಯಿಗೆ ನಲವತ್ತು ಲೈನು. ಹಾಗಾದರೆ ಉಳಿದ ಇಪ್ಪತ್ತನ್ನು ತಿನ್ನುತ್ತಿರುವವರು ಯಾರು?

“ಇಲ್ಲಿ ಒಂದು ದೆವ್ವ ತರಲಾ?” ಎಂದು ನಾನು ಕೇಳಿದೆ. “ಮುಚ್ಚಿದ ಕಾರ್ಖಾನೆಯ ದೆವ್ವ. ಲೈನಿನಲ್ಲಿ ಕೂತು ಉಸಿರಾಡುತ್ತೆ.”

“ನಿಂಗೆ ಮಾಡೋಕೆ ಬೇರೆ ಕೆಲಸ ಇಲ್ವಾ?” ಎಂದಳು ಫಿಡೆಲ್ಮಾ.

ಮುಂದಿನ ಸೋಮವಾರ ಅವಳು ಒಳಗೆ ಹೋಗಲಿಲ್ಲ. ಪಾರ್ಕಿಂಗಿನಲ್ಲಿ ಕಾರಿನೊಳಗೇ ಕುಳಿತು, ಕೆಟ್ಟ ಮೆಷಿನ್ನಿನವರು ಮಾಡುವ ನಂಬರಿಗೆ ತಾನೂ ಫೋನ್ ಮಾಡಿದಳು. ಎಂಗೇಜ್. ಮತ್ತೆ ಎಂಗೇಜ್. ಕಾರಿನ ಗಾಜು ಒರೆಸಿ ಆಫೀಸಿನ ದೊಡ್ಡ ಕಿಟಕಿಯತ್ತ ನೋಡಿದಳು. ಅರವತ್ತು ಲೈನೂ ತುಂಬಿದ ಆ ಗಳಿಗೆಯಲ್ಲಿ ಒಳಗಿದ್ದವರು ಆರಾಮಾಗಿ ಕುಳಿತಿದ್ದರು. ಒಬ್ಬ ಕುರ್ಚಿಯಲ್ಲಿ ಗಿರಗಿರ ತಿರುಗುತ್ತಿದ್ದ. ಅಟ್ರಾಕ್ಟಾ ಕಿತ್ತಳೆ ಹಣ್ಣು ಸುಲಿಯುತ್ತಿದ್ದಳು.

ಆಗ ಲೈನು ಸಿಕ್ಕಿತು.

“ಸ್ವಿಲ್ಲಿ ಕೇರ್‌ಗೆ ಸ್ವಾಗತ,” ಎಂದಿತು ಮ್ಯಾಲಕಿಯ ದನಿ, ಬಾವಿಯ ತಳದಿಂದೆಂಬಂತೆ. “ನಿನ್ನೆ ಸಂಜೆ ಅಥವಾ ಇಂದು ಮುಂಜಾನೆ, ತಮ್ಮ ಸ್ವಗೃಹದಲ್ಲಿ, ಬಟ್ಟೆ ಒಗೆಯುವ ಯಂತ್ರವು ಹಠಾತ್ತನೆ ನಿಂತುಹೋಗಿದ್ದಲ್ಲಿ, ಈ ಕಷ್ಟದ ಸಮಯದಲ್ಲಿ ನಾವು ತಮ್ಮೊಂದಿಗಿದ್ದೇವೆ...” ಆಮೇಲೆ ಮೆಷಿನ್ನಿನ ಒಂದೊಂದು ಮಾಡೆಲಿನ ಹೆಸರು, ತೀರಿಕೊಂಡವರ ಬಂಧುಗಳ ಹೆಸರು ಓದಿದಂತೆ. ಆಮೇಲೆ ಆಫೀಸಿನ ವೇಳೆ, ಹಬ್ಬಹರಿದಿನಗಳ ರಜೆ. ಆಮೇಲೆ ಒಂದು ಮೌನ.

ಒಂದೂವರೆ ನಿಮಿಷ. ಇದನ್ನು ಪೂರ್ತಿ ಕೇಳಿದ ಮೇಲೆಯೇ ಕರೆ ಒಳಗಿನವರ ಕಿವಿಗೆ ಹೋಗುತ್ತಿತ್ತು. ಅಲ್ಲಿಯ ತನಕ ಲೈನು ಮ್ಯಾಲಕಿಯದು. ತಮ್ಮದೇ ಆಫೀಸಿಗೆ ಯಾರು ಫೋನ್ ಮಾಡುತ್ತಾರೆ? ಹಾಗಾಗಿ ಒಳಗಿದ್ದ ಒಬ್ಬರೂ ಅದನ್ನು ಕೇಳಿರಲೇ ಇಲ್ಲ. ಸೋಮವಾರ ಬೆಳಗಿನ ಒಂದು ಗಂಟೆಯಲ್ಲಿ ಆರುನೂರು ಕರೆ. ಫಿಡೆಲ್ಮಾ ಕಾರಿನ ಸ್ಟಿಯರಿಂಗ್ ಮೇಲೆ ಬೆರಳಾಡಿಸಿ ಲೆಕ್ಕ ಹಾಕಿದಳು. ಹದಿನೈದು ಲೈನು ಗಂಟೆಯುದ್ದಕ್ಕೂ ಅವನೊಬ್ಬನ ದನಿಗೇ ಮೀಸಲು. ಬಾಗಿಲು ತೆರೆದ ಕೂಡಲೇ ನುಗ್ಗುವ ಹೊತ್ತಿನಲ್ಲಂತೂ ಅರವತ್ತೂ ಅವನದೇ.

ಅವಳು ಕಾರಿನಲ್ಲಿ ಒಬ್ಬಳೇ ನಗತೊಡಗಿದಳು. ನಗು ನಿಂತ ಮೇಲೆ ತಿಳಿಯಿತು, ಇದನ್ನು ಅವನಿಗೆ ಹೇಳಬೇಕಾದವಳು ತಾನೇ ಎಂದು.

೫

ಹೇಗೆ ಹೇಳುವುದೆಂದು ನಾನು ಹಲವು ದಾರಿ ಸೂಚಿಸಿದೆ. ಮೀಟಿಂಗಿನಲ್ಲಿ ಎಲ್ಲರೆದುರು ಬಯಲು ಮಾಡುವುದು. (ನಾಟಕೀಯವಾಗಿತ್ತು.) ಡಬ್ಲಿನ್ನಿಗೆ ಹೆಸರಿಲ್ಲದ ಈಮೇಲ್. (ಪತ್ತೇದಾರಿ.) ಫಿಡೆಲ್ಮಾ ಎಲ್ಲವನ್ನೂ ಕೇಳಿಸಿಕೊಂಡು, “ನೀನು ಯಾವತ್ತಾದ್ರೂ ಯಾರ ಜೊತೆಗಾದ್ರೂ ಕೆಲಸ ಮಾಡಿದ್ದೀಯಾ?” ಎಂದು ಕೇಳಿದಳು.

ಅವಳು ಮಾಡಿದ್ದು ಇಷ್ಟು. ಅದರ ಮುಂದಿನ ಸೋಮವಾರ, ಒಂಬತ್ತಾಗುವ ಹೊತ್ತಿಗೆ ಮ್ಯಾಲಕಿಯನ್ನು ತನ್ನ ಕಾರಿಗೆ ಕರೆದಳು. ಚಹಾ ಕೊಟ್ಟಳು. ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಎರಡು ಸಲ ಎಂಗೇಜ್ ಬಂತು. ಮೂರನೆಯ ಸಲ ಅವನದೇ ದನಿ ಬಂದಾಗ ಮ್ಯಾಲಕಿಯ ಮುಖ ಅರಳಿತು.

“‘ಸ್ವಗೃಹ’ ಅನ್ನೋ ಕಡೆ ಉಸಿರು ಸ್ವಲ್ಪ ಬೇಗ ತಗೊಂಡಿದ್ದೀನಿ,” ಎಂದ. “ಆದರೂ ಪರವಾಗಿಲ್ಲ, ಅಲ್ವಾ?”

“ಚೆನ್ನಾಗಿದೆ. ಈಗ ಕಿಟಕಿ ಕಡೆ ನೋಡಿ.”

ಮ್ಯಾಲಕಿ ನೋಡಿದ. ನೋಡುತ್ತಲೇ ಇದ್ದ.

“ಅವರೆಲ್ಲ ಯಾಕೆ ಸುಮ್ನೆ ಕೂತಿದಾರೆ?”

“ನೀವು ಮಾತು ಮುಗಿಸ್ಲಿ ಅಂತ ಕಾಯ್ತಿದಾರೆ.”

ಫೋನಿನ ದನಿ ಈಸ್ಟರ್ ರಜೆಯ ವಿವರಕ್ಕೆ ಬಂದಿತ್ತು. ಮ್ಯಾಲಕಿ ಕೈ ಚಾಚಿ ತಾನೇ ಅದನ್ನು ನಿಲ್ಲಿಸಿದ. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ರೇಡಿಯೋದಿಂದ ನಾನಾಗೇ ಬಿಟ್ಟೆ ಅಂತ ಎಲ್ಲರಿಗೂ ಹೇಳಿದೀನಿ,” ಎಂದ. “ಬಿಡಿಸಿದ್ರು. ಹೊಸ ಹುಡುಗೀನ ತಗೊಂಡ್ರು. ಸತ್ತವರ ಹೆಸರು ಓದೋಕೂ ಈಗ ಸ್ವಲ್ಪ ಲವಲವಿಕೆ ಬೇಕಂತೆ.”

ಫಿಡೆಲ್ಮಾಗೆ ನಗು ಬಂತು. ಅವಳ ಅಜ್ಜನ ಹೆಸರನ್ನು ರೇಡಿಯೋದಲ್ಲಿ ಓದಿದ್ದು ಇದೇ ದನಿ. ಅಡುಗೆಮನೆಯಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ನಿಂತಿದ್ದರು. ಅದನ್ನು ಅವನಿಗೆ ಹೇಳಿದಳು. ಅವನು ಅಜ್ಜನ ಹೆಸರು ಕೇಳಿದ. ಹೇಳಿದಳು. “ಹೂವು ಬೇಡ, ಕಡಲಲ್ಲಿ ಜನರನ್ನ ಕಾಪಾಡೋ ಲೈಫ್‌ಬೋಟಿನೋರಿಗೆ ದಾನ ಕೊಡಿ ಅಂದಿದ್ರು,” ಎಂದ ಮ್ಯಾಲಕಿ. ಸರಿಯಾಗಿತ್ತು.

“ಪ್ಲಾನಿನಲ್ಲಿ ನನ್ನ ಹೆಸರು ಬರೀತೀಯಾ?”

“ಯಾರ ಹೆಸರೂ ಬರೆಯಲ್ಲ. ಸ್ವಾಗತದ ರೆಕಾರ್ಡಿಂಗ್ ಚಿಕ್ಕದು ಮಾಡಬೇಕು, ಪೆಟ್ಟಿಗೆ ಇರೋದೇ ಸಾಕು ಅಂತ ಬರೀತೀನಿ.”

“ಅಟ್ರಾಕ್ಟಾದು?”

“ಅವಳ ಕೆಲಸ ಕಾಯಂ ಮಾಡೋ ಕಾಗದಕ್ಕೆ ನೀವು ಸಹಿ ಹಾಕ್ತೀರಿ.”

ಮ್ಯಾಲಕಿ ಕಾರಿನ ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು, ಮತ್ತೆ ಒಳಗೆ ಬಗ್ಗಿದ. “ಪೂರ್ತಿ ತೆಗೀಬೇಕಾ?”

“ಸ್ವಲ್ಪ ಇಟ್ಕೊಳ್ಳಿ,” ಎಂದಳು ಫಿಡೆಲ್ಮಾ.

೫, ಮತ್ತು ಸ್ವಲ್ಪ

ಹೊಸ ರೆಕಾರ್ಡಿಂಗ್ ನಡೆದದ್ದು ಪೊರಕೆ, ಬಕೆಟ್ಟು ಇಡುವ ಕೋಣೆಯಲ್ಲಿ. ಅಲ್ಲಿ ಸದ್ದು ಕಡಿಮೆ. ಚಿಕ್ಕದಾಗಿ ಮಾತಾಡಲು ಹೇಳಿಕೊಡುವುದಕ್ಕೆ ಮ್ಯಾಲಕಿ ತಾನಾಗಿಯೇ ಕರೆದದ್ದು ಯಾರನ್ನು ಗೊತ್ತೇ? ಅಟ್ರಾಕ್ಟಾಳನ್ನು. (ಇದು ನನ್ನ ಕುಶಾಲಲ್ಲ. ಅವನಿಗೆ ಹೆದರದೆ ತಪ್ಪು ಹೇಳುವವಳು ಅವಳೊಬ್ಬಳೇ.)

“ಸ್ವಿಲ್ಲಿ ಕೇರ್‌ಗೆ ತಮಗೆ ಆದರದ ಸ್ವಾಗತ,” ಎಂದ ಮ್ಯಾಲಕಿ.

“ಆದರ ತೆಗಿ.”

“ತಮಗೆ ಸ್ವಾಗತ.”

“ಯಾರೋ ಹೋಗಿಬಿಟ್ರು ಅನ್ನೋ ಹಾಗಿದೆ ಕಣೋ. ಮೆಷಿನ್ನು ರಿಪೇರಿ ಆಗುತ್ತೆ ಅನ್ನೋ ನಂಬಿಕೆ ನಿಂಗೇ ಇಲ್ಲ.”

“ನನ್ನ ದನಿನೇ ಹೀಗೆ, ಅಟ್ರಾಕ್ಟಾ.”

“ನನ್ನ ಪೆನ್ಸಿಲ್ ಕಚ್ಚಿದ್ದು ನೆನಪು ಮಾಡ್ಕೊಂಡು ಹೇಳು.”

ಅವನಿಗೆ ನಗು ಬಂತು. ಆ ನಗು ಮುಗಿಯುವ ಮುಂಚೆಯೇ ಫಿಡೆಲ್ಮಾ ಗುಂಡಿ ಒತ್ತಿದಳು. ಸಿಕ್ಕಿದ್ದು: “ಸ್ವಿಲ್ಲಿ ಕೇರ್. ಇರಿ, ಬಂದ್ವಿ.” ಅದನ್ನೇ ಹಾಕಿದರು.

೭

(ಆರು ಎಲ್ಲಿ ಹೋಯಿತು? ಅದರಲ್ಲಿ ಫಿಡೆಲ್ಮಾಗೆ ಒಬ್ಬ ಪ್ರಿಯಕರನನ್ನು ಬರೆದಿದ್ದೆ. ಟೈರ್ ಅಂಗಡಿಯವನು. “ಅವನಿಗೆ ಮದುವೆಯಾಗಿದೆ, ನನ್ನ ಚಿಕ್ಕಮ್ಮನ ಮಗಳ ಜೊತೆ,” ಎಂದು ಅಳಿಸಿದಳು.)

ಮರು ಸೋಮವಾರ ಎಂಗೇಜ್ ಟೋನ್ ಬರಲಿಲ್ಲ. ಡಬ್ಲಿನ್ ಸಾಹೇಬರು ಮತ್ತೆ ಫೋನ್ ಮಾಡಿದರು. ಮೊದಲ ಸಲಕ್ಕೇ ಸಿಕ್ಕಿತು, ಅದೂ ಅಟ್ರಾಕ್ಟಾಳ ಕೈಗೆ. ಅವರು ತಾವು ಯಾರೆಂದು ಹೇಳುವ ಮುಂಚೆಯೇ ಅವರ ಹೆಂಡತಿಯ ಬೆನ್ನುನೋವಿನ ವಿಷಯ ಹೊರಬಿತ್ತಂತೆ. ಅಟ್ರಾಕ್ಟಾಳ ಕೆಲಸ ಕಾಯಂ ಆಯಿತು. ಫಿಡೆಲ್ಮಾ ಅಂದು ಕ್ಯಾಂಟೀನಿನಲ್ಲಿ ಚಿಪ್ಸ್ ಎರಡು ಪ್ಲೇಟು ತಿಂದಳು.

ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಲೆಕ್ಕ ಮತ್ತೆ ಏರತೊಡಗಿತು. ಮೂರು ನಿಮಿಷದ ಕರೆಗಳು ನಾಲ್ಕಾದವು, ನಾಲ್ಕೂವರೆಯಾದವು. ಫಿಡೆಲ್ಮಾ ಕುರ್ಚಿ ಎಳೆದುಕೊಂಡು ಕೇಳಲು ಕುಳಿತಳು.

“ಮೆಷಿನ್ನಿನ ವಿಷಯ ಆಮೇಲೆ,” ಎನ್ನುತ್ತಿದ್ದಳು ರಾಸ್‌ಕಾಮನ್ನಿನ ಒಬ್ಬಾಕೆ. “ಮೊದಲು ಮಾತಾಡ್ತಿದ್ರಲ್ಲ, ಆ ಗಂಡಸು ಎಲ್ಲಿ? ಏನಾಯ್ತು ಅವರಿಗೆ? ಹೋಗಿಬಿಟ್ರಾ?”

“ಇಲ್ಲ ಕಂದಾ, ಇದಾನೆ. ಇಲ್ಲೇ ಗಾಜಿನೊಳಗೆ ಸ್ಯಾಂಡ್‌ವಿಚ್ ತಿಂತಿದಾನೆ,” ಎಂದಳು ಅಟ್ರಾಕ್ಟಾ.

ಹೀಗೆ ಕೇಳಿದವರು ಒಬ್ಬಿಬ್ಬರಲ್ಲ. ಮೆಷಿನ್ ಕೆಟ್ಟಾಗ ಅಷ್ಟು ಗೌರವದಿಂದ ಸಂತಾಪ ಹೇಳುವವರು ಬೇರೆ ಯಾರೂ ಇಲ್ಲ ಎಂದರು ಕೆಲವರು. ಫಿಡೆಲ್ಮಾ ಹೊಸ ಪ್ಲಾನ್ ಶುರುಮಾಡಿದಳು. ಡಬ್ಲಿನ್ನಿನವರು ಕೆಲಸ ಇಲ್ಲೇ ಬಿಡುತ್ತಾರೋ, ಬೇರೆಡೆ ಕೊಡುತ್ತಾರೋ, ಇನ್ನೂ ತಿಳಿಸಿಲ್ಲ.

ಈಗ ಮುಗಿಸಬೇಕು. ನನ್ನ ಹತ್ತಿರ ಮೂರು ಮುಕ್ತಾಯಗಳಿವೆ.

ಅ) ಎರಡನೆಯ ಪೆಟ್ಟಿಗೆ ಬರುತ್ತದೆ. ಎಲ್ಲರೂ ಕೇಕ್ ತಿನ್ನುತ್ತಾರೆ.

ಆ) ಕೆಲಸ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿನ ಫಿಡೆಲ್ಮಾ ಒಬ್ಬಳು ಸೋಮವಾರ ಬೆಳಿಗ್ಗೆ ತಿಂಡಿ ಮುಟ್ಟುವುದಿಲ್ಲ.

ಇ) ರೇಡಿಯೋದವರು ಮ್ಯಾಲಕಿಯನ್ನು ವಾಪಸ್ ಕರೆಯುತ್ತಾರೆ. ಅವನು ಹೋಗುತ್ತಾನೆ, ಅಥವಾ ಹೋಗುವುದಿಲ್ಲ.

“ಯಾವುದನ್ನ ಹಾಕಲಿ?” ಎಂದು ಕೇಳಿದೆ. ಫಿಡೆಲ್ಮಾ ನನ್ನ ಹೆಗಲ ಹಿಂದೆ ಇರಲೇ ಇಲ್ಲ. ಕತ್ತೆತ್ತಿ ನೋಡಿದರೆ ಆಫೀಸಿನ ನಡುವೆ ನಿಂತಿದ್ದಳು. ಅಟ್ರಾಕ್ಟಾ ತನ್ನ ಪಕ್ಕದ ಖಾಲಿ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ದೂಡಿದಳು. ಮ್ಯಾಲಕಿ ಗಾಜಿನ ಕೋಣೆಯಿಂದ ಹೊರಬಂದು, ಟೈ ಸರಿಮಾಡಿಕೊಂಡು, ಅದರಲ್ಲಿ ಕುಳಿತ. ಹೆಡ್‌ಸೆಟ್ಟನ್ನು ಮೊದಲು ಉಲ್ಟಾ ಹಾಕಿಕೊಂಡ. ಫಿಡೆಲ್ಮಾ ಸರಿಮಾಡಿದಳು.

ಆ ಗಂಡಸು ಎಲ್ಲಿ ಎಂದು ಕೇಳುವ ಇನ್ನೊಂದು ಕರೆ ಬಂತು.

“ಹಲೋ,” ಎಂದ ಮ್ಯಾಲಕಿ. ಇಡೀ ಆಫೀಸು ಕಿವಿಗೊಟ್ಟು, ಆದರೂ ತನ್ನ ಪಾಡಿಗೆ ಕೆಲಸ ಮಾಡುತ್ತಿರುವಂತೆ ನಟಿಸಿತು. “ಹೌದು, ನಾನೇ... ಇಲ್ಲ, ಇಲ್ಲ, ಚೆನ್ನಾಗಿದ್ದೀನಿ... ಹೌದಾ? ಯಾವಾಗ?”

ಆ ಕಡೆಯವರು ಏನೆಂದರೋ ನನಗೆ ಕೇಳಿಸಲಿಲ್ಲ. ಬಾಗಿಲ ತನಕ ಹೋದೆ. ಫಿಡೆಲ್ಮಾ ನನ್ನನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟು, ಬಾಗಿಲು ಮುಚ್ಚಿದಳು. ಕಿಟಕಿಯಲ್ಲಿ ಇಣುಕಿದರೆ, ಒಳಗೆ ಮ್ಯಾಲಕಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಕಾಣದ ಯಾರಿಗೋ ಕೈ ಆಡಿಸಿ ಏನನ್ನೋ ಹೇಳುತ್ತಿದ್ದ.